ಅಮ್ಮನ ಕಷ್ಟ ಕಥೆಯಾಗಿದೆ, ಅಣ್ಣ ಬೇಡ ಅನ್ನುತ್ತಿದ್ದಾನೆ. ಅಚ್ಚಿಗೆ ಕಳಿಸಬಹುದಾ?

ನೇತ್ರಾವತಿ ತೀರ
ಎಲ್ಲರಿಗೂ ನಮಸ್ಕಾರ. ಇಲ್ಲಿ ಕಥೆ ಬರೆಯುವವರೂ ಇದ್ದೀರಿ, ಓದುವವರೂ ಇದ್ದೀರಿ. ಅದಕ್ಕೇ ನಿಮ್ಮ ಹತ್ತಿರ ಕೇಳುತ್ತಿದ್ದೇನೆ.

ನಮ್ಮದು ಬಂಟ್ವಾಳದ ಕಡೆಯ ಹಳ್ಳಿ. ಅಪ್ಪ ಅಡಿಕೆ ತೋಟಗಳಲ್ಲಿ ಮರ ಹತ್ತುವ ಕೆಲಸ ಮಾಡುತ್ತಿದ್ದರು. ಕೂಲಿ ಸಿಗುತ್ತಿತ್ತು, ಆದರೆ ಅದು ಸಾರಾಯಿ ಅಂಗಡಿ ದಾಟಿ ಮನೆಗೆ ಬರುತ್ತಿರಲಿಲ್ಲ. ಅಮ್ಮ ಬೀಡಿ ಕಟ್ಟಿ ನನ್ನನ್ನೂ ಅಣ್ಣನನ್ನೂ ಓದಿಸಿದರು. ಇದನ್ನೇ ಇಟ್ಟುಕೊಂಡು ಒಂದು ನೀಳ್ಗತೆ ಬರೆದಿದ್ದೇನೆ. ಹೆಸರು ಬದಲಿಸಿದ್ದೇನೆ, ಊರು ಬದಲಿಸಿಲ್ಲ. ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಕಳಿಸಬೇಕು ಅಂತ ಆಸೆ.

ಅಣ್ಣನಿಗೆ ಓದಲು ಕೊಟ್ಟೆ. "ಮನೆಯ ಮಾನ ಪೇಪರಿಗೆ ಹಾಕುತ್ತೀಯಾ?" ಅಂದ. ಅವನಿಗೆ ಈಗ ಊರಲ್ಲಿ ಒಂದು ಸ್ಥಾನ ಇದೆ, ಮಕ್ಕಳು ದೊಡ್ಡವರಾಗಿದ್ದಾರೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅಮ್ಮನಿಗೆ ಇನ್ನೂ ಹೇಳಿಲ್ಲ.

ನನ್ನ ಪ್ರಶ್ನೆ ಎರಡು. ಮನೆಯವರ ಕಷ್ಟ ಬರೆಯುವ ಹಕ್ಕು ನನಗೆ ಇದೆಯಾ? ಇನ್ನೊಂದು, ಕಥೆ ಓದಿದ ಗೆಳತಿ "ಅತ್ತುಬಿಟ್ಟೆ ಕಣೇ" ಅಂದಳು. ಕೇಳಿ ಖುಷಿ ಆಗಬೇಕಿತ್ತು, ಆಗಲಿಲ್ಲ. ಏನೋ ಸರಿ ಇಲ್ಲ ಅನ್ನಿಸುತ್ತಲೇ ಇದೆ. ಬರೆದು ಅನುಭವ ಇರುವವರು ಹೇಳಿ.

ಘಟ್ಟದ ಮೇಲಿನವ
ಕಳಿಸಿ. ಆ ಮನೆಯಲ್ಲಿ ಬೆಳೆದದ್ದು ನೀವೂ ಅಲ್ವಾ?

ದಾವಣಗೆರೆ ಹುಡುಗ
ಅಣ್ಣನ ಒಪ್ಪಿಗೆ ಬೇಕಾಗಿಲ್ಲ. ಅಮ್ಮನ ಒಪ್ಪಿಗೆ ಬೇಕೇ ಬೇಕು. ಮೊದಲು ಅವರಿಗೆ ಓದಿ ಹೇಳಿ.

ಹಳೇ ಓದುಗ
ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಸ್ವಲ್ಪ ಖಾರ ಅನ್ನಿಸಿದರೆ ಬೇಸರ ಮಾಡಬೇಡಿ. ಒಂದು ಪತ್ರಿಕೆಯ ಕಥಾಸ್ಪರ್ಧೆಗೆ ಬಂದ ಕಥೆಗಳನ್ನು ಮೊದಲ ಸುತ್ತಿನಲ್ಲಿ ಓದುವ ಕೆಲಸ ಕೆಲವು ವರ್ಷ ಮಾಡಿದ್ದೇನೆ. ಅದರಲ್ಲಿ ಒಂದು ದೊಡ್ಡ ರಾಶಿ ಇದೇ ಕಥೆ. ತ್ಯಾಗಮಯಿ ತಾಯಿ, ಕುಡುಕ ತಂದೆ, ಬೀದಿದೀಪದ ಕೆಳಗೆ ಓದುವ ಮಗ. ಕೊನೆಯಲ್ಲಿ ಮಗ ಕಾರಿನಲ್ಲಿ ಬಂದು ತಾಯಿಯ ಕಾಲಿಗೆ ಬೀಳುತ್ತಾನೆ. ಬರೆದವರು ಯಾರೂ ಸುಳ್ಳು ಬರೆದಿರುವುದಿಲ್ಲ. ಎಲ್ಲರ ಮನೆಯಲ್ಲೂ ಹಾಗೆಯೇ ನಡೆದಿರುತ್ತದೆ. ಆದರೂ ಓದುವಾಗ ಒಂದು ತಾಯಿಗೂ ಇನ್ನೊಂದು ತಾಯಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ.

ಕಾರಣ ಏನೆಂದರೆ, ನಾವು ತಾಯಿಯನ್ನು ಬರೆಯುವುದಿಲ್ಲ, ತಾಯಿಯ ಮೇಲೆ ನಮಗಿರುವ ಋಣವನ್ನು ಬರೆಯುತ್ತೇವೆ. ನಿಮ್ಮ ಅಮ್ಮನಿಗೆ ಯಾರ ಮೇಲೆ ಹೊಟ್ಟೆಕಿಚ್ಚು ಇತ್ತು? ಯಾವ ಸೀರೆಗೆ ಆಸೆ ಪಟ್ಟಿದ್ದರು? ನಿಮ್ಮನ್ನು ಯಾವತ್ತು ಸುಮ್ಮಸುಮ್ಮನೆ ಹೊಡೆದಿದ್ದರು? ಇದೆಲ್ಲ ಕಥೆಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಗೆಳತಿ ಅತ್ತದ್ದು ತನ್ನ ಅಮ್ಮನನ್ನು ನೆನೆಸಿಕೊಂಡು, ನಿಮ್ಮ ಅಮ್ಮನಿಗಾಗಿ ಅಲ್ಲ.

ನೇತ್ರಾವತಿ ತೀರ
@ಹಳೇ ಓದುಗ ಸರ್, ಕಾರು ಇಲ್ಲ, ಕಾಲಿಗೆ ಬೀಳುವುದೂ ಇಲ್ಲ. ಆದರೆ ಹೊಟ್ಟೆಕಿಚ್ಚು, ಸೀರೆ ಯಾವುದೂ ಇಲ್ಲ. ಯೋಚಿಸುತ್ತೇನೆ.

ದುಬೈ ಕನ್ನಡಿಗ
ಬೀದಿದೀಪದ ಕೆಳಗೆ ಓದಿದವರು ನಿಜವಾಗಿಯೂ ಇದ್ದಾರೆ ಸ್ವಾಮಿ. ನಮ್ಮ ತಂದೆ ಓದಿದ್ದಾರೆ. ಎಲ್ಲರ ಕಥೆಯಲ್ಲೂ ಬರುತ್ತದೆ ಅಂತ ಅದನ್ನು ಬಿಡಬೇಕಾ?

ಹಳೇ ಓದುಗ
ಬಿಡಬೇಡಿ. ಆ ದೀಪ ಯಾವ ಬೀದಿಯದು, ಎಷ್ಟು ಹೊತ್ತಿಗೆ ಆರುತ್ತಿತ್ತು, ಪಕ್ಕದಲ್ಲಿ ಇಸ್ಪೀಟು ಆಡುತ್ತಿದ್ದವರು ನಿಮ್ಮ ತಂದೆಗೆ ಏನನ್ನುತ್ತಿದ್ದರು, ಅದನ್ನು ಸೇರಿಸಿ. ಆಗ ಅದು ನಿಮ್ಮ ತಂದೆಯ ದೀಪ.

ಕಟ್ಟು ನೂಲು
ನಾನು ಮದುವೆಗೆ ಮುಂಚೆ ಬೀಡಿ ಕಟ್ಟಿದವಳು, ಮದುವೆಯಾದ ಮೇಲೂ ಕಟ್ಟಿದವಳು. ಈಗ ಕೈ ನೋವು, ಬಿಟ್ಟಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ತಂಗಿ, ನಿಮ್ಮ ಅಮ್ಮನನ್ನು ಅಯ್ಯೋ ಪಾಪ ಮಾಡಬೇಡಿ. ಬೀಡಿ ಅಂದರೆ ಬರೀ ಗೋಳು ಅಂತ ಹೊರಗಿನವರು ಬರೆಯುತ್ತಾರೆ. ಮಧ್ಯಾಹ್ನ ಊಟ ಆದ ಮೇಲೆ ನಾಲ್ಕು ಮನೆಯವರು ಒಂದೇ ಜಗಲಿಯಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಕೂರುತ್ತಿದ್ದೆವು. ಮಂಗಳೂರು ಆಕಾಶವಾಣಿ ಹಾಡುತ್ತಿತ್ತು. ಯಾರ ಕೈ ಬೇಗ ಅಂತ ಪಂದ್ಯ ನಡೆಯುತ್ತಿತ್ತು. ಊರಿನ ಸುದ್ದಿ ಎಲ್ಲ ಅಲ್ಲೇ. ನಗು ಎಷ್ಟು ಇತ್ತು ಗೊತ್ತಾ? ನಾವು ನಕ್ಕದ್ದನ್ನು ಯಾರೂ ಬರೆಯಲಿಲ್ಲ.

ಗೋಳು ಇರಲಿಲ್ಲ ಅಂತಲ್ಲ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಕೊಡುವ ಎಲೆ ಚೆನ್ನಾಗಿಲ್ಲದಿದ್ದರೆ ಸಾವಿರ ಬೀಡಿಗೆ ಸಾಲುತ್ತಿರಲಿಲ್ಲ. ಕಡಿಮೆ ಬಿದ್ದ ಎಲೆಯನ್ನು ನಮ್ಮ ದುಡ್ಡಿನಲ್ಲೇ ತರಬೇಕಿತ್ತು. ಚೆಕ್ ಮಾಡುವವನು ಒಂದು ಹಿಡಿ ಬೀಡಿ ತೆಗೆದು ಪಕ್ಕಕ್ಕೆ ಎಸೆದರೆ ಅಷ್ಟು ಹೊತ್ತಿನ ಕೆಲಸ ಹೋಯಿತು, ಅದಕ್ಕೆ ಮಜೂರಿ ಇಲ್ಲ. ಎದುರು ಮಾತಾಡಿದರೆ ಮುಂದಿನ ವಾರ ಇನ್ನೂ ಕೆಟ್ಟ ಎಲೆ. ನಿಮ್ಮ ಕಥೆಯಲ್ಲಿ ಈ ಚೆಕ್ ಮಾಡುವವನು ಇದ್ದಾನಾ? ಅಪ್ಪನ ಕುಡಿತ ಒಂದೇ ಕಾರಣ ಅಂತ ಬರೆದರೆ ಬ್ರಾಂಚಿನವರು ತಪ್ಪಿಸಿಕೊಂಡ ಹಾಗೆ ಆಯಿತು.

ಕೇರಿ ಕಡೆಯಿಂದ
@ಕಟ್ಟು ನೂಲು ಅಕ್ಕ, ಈ ಕೊನೆಯ ಮಾತು ಚಿನ್ನ. ನಮ್ಮ ಬಹಳಷ್ಟು ಕಷ್ಟದ ಕಥೆಗಳಲ್ಲಿ ಬಡತನ ಮಳೆಯ ಹಾಗೆ ಆಕಾಶದಿಂದ ಬೀಳುತ್ತದೆ. ಕೂಲಿ ಕೊಡದವನು, ಬಡ್ಡಿ ತಿಂದವನು, ಬಾವಿಗೆ ಬಿಡದವನು ಯಾರೂ ಕಾಣುವುದಿಲ್ಲ. ಜಾತಿ ಹೆಸರೇ ಬರುವುದಿಲ್ಲ. ಹಸಿವು ಬರೆಯುತ್ತೀರಿ, ಯಾರ ಹಸಿವು ಅಂತ ಬರೆಯುವುದಿಲ್ಲ.

ಹಾಗೆಯೇ ನಗುವಿನ ಮಾತು. ಸಿದ್ದಲಿಂಗಯ್ಯನವರ 'ಊರು ಕೇರಿ' ಓದಿದವರಿಗೆ ಗೊತ್ತು. ಹಸಿವು, ಅವಮಾನ ಎಲ್ಲ ಅದರಲ್ಲಿದೆ, ಆದರೆ ನಗಿಸುತ್ತಾ ಹೇಳುತ್ತಾರೆ. ನಕ್ಕು ಮುಗಿದ ಮೇಲೆ ನಾವು ಯಾವುದಕ್ಕೆ ನಕ್ಕೆವು ಅಂತ ಹೊಟ್ಟೆಯಲ್ಲಿ ಕಲಕುತ್ತದೆ. ಕನಿಕರ ಕೇಳದೆ ಬರೆದದ್ದಕ್ಕೆ ಅಷ್ಟು ಬಲ.

ಮೈಸೂರು ಮಲ್ಲಿಗೆ
ಒಂದು ಸಣ್ಣ ವಿಷಯ. ಸಾರಾಯಿ ಅಂಗಡಿ ಅಂದಿರಿ. ಕರ್ನಾಟಕದಲ್ಲಿ ಸಾರಾಯಿ 2007ರ ಜುಲೈಯಿಂದ ನಿಷೇಧ. ಕಥೆ ಯಾವ ಕಾಲದ್ದು? ಇಂಥದ್ದರಲ್ಲಿ ತಪ್ಪಿದರೆ ಓದುಗರು ಹಿಡಿಯುತ್ತಾರೆ.

ನೇತ್ರಾವತಿ ತೀರ
1990ರ ದಶಕ. ತೊಂದರೆ ಇಲ್ಲ. ಆದರೆ ಕೇಳಿದ್ದು ಒಳ್ಳೆಯದಾಯಿತು, ಕಥೆಯಲ್ಲಿ ಒಂದು ಕಡೆ ಮೊಬೈಲ್ ಬರುತ್ತದಾ ಅಂತ ಮತ್ತೆ ನೋಡುತ್ತೇನೆ.

ಪಾತ್ರವಾದ ತಮ್ಮ
ನಾನು ಆ ಕಡೆಯವನು. ನನ್ನ ಅಕ್ಕ ಬರೆದಿದ್ದಾಳೆ, ನಾನು ಅವಳ ಕಥೆಯೊಳಗೆ ಇದ್ದೇನೆ. ಹೆಸರು ಬೇರೆ. ಆದರೆ ಕಾಲು ಎಳೆಯುವುದು ನನ್ನದೇ, ತೊದಲುವುದು ನನ್ನದೇ. ನಮ್ಮ ಹೋಬಳಿಯಲ್ಲಿ ಎಲ್ಲರಿಗೂ ಗೊತ್ತಾಯಿತು. ಹಾಸ್ಟೆಲಿನಲ್ಲಿ ಅನ್ನ ಕದ್ದು ಸಿಕ್ಕಿಬಿದ್ದದ್ದನ್ನು ನಾನು ಅಕ್ಕನಿಗೆ ಒಂದು ರಾತ್ರಿ ನಂಬಿ ಹೇಳಿದ್ದೆ. ಅದನ್ನು ನನ್ನ ಹೆಂಡತಿ ಪತ್ರಿಕೆಯಲ್ಲಿ ಓದಿ ತಿಳಿದುಕೊಂಡಳು.

ಕಥೆ ಚೆನ್ನಾಗಿತ್ತು. ಬಹುಮಾನವೂ ಬಂತು. ಅಕ್ಕನ ಮೇಲೆ ಈಗ ಸಿಟ್ಟಿಲ್ಲ. ಆದರೆ ಇಲ್ಲಿ "ಕಳಿಸಿ, ಬಾಲ್ಯ ನಿಮ್ಮದು" ಅನ್ನುವವರಿಗೆ ಒಂದು ಮಾತು. ಒಂದೇ ಮನೆಯಲ್ಲಿ ಬೆಳೆದರೂ ಅನ್ನ ಕದ್ದವನು ನಾನು, ಅವಳಲ್ಲ. ಅದನ್ನು ಹೇಳಬೇಕೋ ಬೇಡವೋ ಅನ್ನುವುದು ನನ್ನ ಕೈಲಿ ಇರಬೇಕಿತ್ತು.

ಘಟ್ಟದ ಮೇಲಿನವ
ಇದನ್ನು ಓದಿ ಸುಮ್ಮನಾದೆ. ಆದರೂ ಕೇಳುತ್ತೇನೆ, ಹೀಗೆ ಎಲ್ಲರೂ ಬೇಡ ಅಂದರೆ ಕನ್ನಡದಲ್ಲಿ ಯಾವ ಕಥೆ ಉಳಿಯುತ್ತದೆ?

ಪಾತ್ರವಾದ ತಮ್ಮ
ನಾನು ಬರೆಯಬೇಡಿ ಅನ್ನಲಿಲ್ಲ. ಕೇಳಿ ಅಂದೆ. ಅಕ್ಕ ಕೇಳಿದ್ದರೆ ನಾನು ಒಪ್ಪುತ್ತಿದ್ದೆನೇನೋ. ಹಾಸ್ಟೆಲಿನ ವಾರ್ಡನ್ ಎಷ್ಟು ಅಕ್ಕಿ ಮನೆಗೆ ಸಾಗಿಸುತ್ತಿದ್ದ ಅನ್ನುವುದನ್ನೂ ಹೇಳುತ್ತಿದ್ದೆ. ಅದು ಅವಳಿಗೆ ಗೊತ್ತೇ ಇಲ್ಲ, ಅದಕ್ಕೇ ಕಥೆಯಲ್ಲಿ ನಾನೊಬ್ಬನೇ ಕಳ್ಳ.

ಸಂಪಿಗೆ ರಸ್ತೆ
ಕಾದಂಬರಿ ಮಾಡಿಬಿಟ್ಟರೆ ಈ ಸಮಸ್ಯೆ ಅರ್ಧ ಕಡಿಮೆ ಆಗುತ್ತದೆ ಅಂತ ನನಗನ್ನಿಸುತ್ತದೆ. ಭೈರಪ್ಪನವರನ್ನು ನೋಡಿ. ಪ್ಲೇಗು ಮನೆಯನ್ನೇ ಖಾಲಿ ಮಾಡಿದ ಬಾಲ್ಯ ಅವರದು. ಅದು ಮೊದಲು ಬಂದದ್ದು 1970ರಲ್ಲಿ, 'ಗೃಹಭಂಗ' ಕಾದಂಬರಿಯಾಗಿ. ಅದೇ ಬಾಲ್ಯವನ್ನು 'ಭಿತ್ತಿ'ಯಲ್ಲಿ ತಮ್ಮದೇ ಹೆಸರಿನಲ್ಲಿ ಹೇಳಿದ್ದು 1996ರಲ್ಲಿ. ನಡುವೆ 26 ವರ್ಷ. ಮೊದಲು ಪಾತ್ರಗಳಿಗೆ ಕೊಟ್ಟರು, ಆಮೇಲೆ ತಾವು ತೆಗೆದುಕೊಂಡರು. 'ಗೃಹಭಂಗ'ದ ನಂಜಮ್ಮ ನೆನಪಿನಲ್ಲಿ ಉಳಿಯುವುದು ಬರೀ ನರಳಿದ್ದಕ್ಕಲ್ಲ. ಗಂಡನ ಕೈಲಾಗದ ಶಾನುಭೋಗಿಕೆಯ ಲೆಕ್ಕವನ್ನು ಕೂತು ಬರೆಯುತ್ತಾಳಲ್ಲ, ಆ ಹೆಂಗಸು ಉಳಿಯುತ್ತಾಳೆ.

ಹಳೇ ಓದುಗ
ಹೌದು. ಕೆಲಸ ಗೊತ್ತಿರುವ ಪಾತ್ರ ಬೇಗ ಸಾಯುವುದಿಲ್ಲ.

ಕೇರಿ ಕಡೆಯಿಂದ
ಕಾದಂಬರಿ ಅಂದಮಾತ್ರಕ್ಕೆ ಊರಿನವರು ಗುರುತು ಹಿಡಿಯುವುದಿಲ್ಲವಾ? ನಮ್ಮ ಕಡೆ ಮೊದಲ ಪುಟ ಓದಿಯೇ ಯಾರ ಮನೆ ಅಂತ ಹೇಳುತ್ತಾರೆ. ಹೆಸರು ಬದಲಿಸುವುದು ಬೆಂಗಳೂರಿನ ಓದುಗರಿಗೆ ಸಾಕು, ಊರಿಗೆ ಸಾಲದು.

ಗೇಣಿ ಚೀಟಿ
ನನ್ನದೊಂದು ಪ್ರಶ್ನೆ ಇದೇ ಜಾಗದಲ್ಲಿ ಕೇಳಬಹುದಾ? ನಮ್ಮ ಅಜ್ಜನ ಮನೆಯವರು ಉಡುಪಿ ಕಡೆಯವರು. 1974ರ ಭೂಸುಧಾರಣೆಯಲ್ಲಿ ಗದ್ದೆ ಪೂರ್ತಿ ಗೇಣಿದಾರರಿಗೆ ಹೋಯಿತು. ದೊಡ್ಡ ಜಮೀನ್ದಾರರೇನಲ್ಲ. ಅಜ್ಜ ಆಗಲೇ ತೀರಿಕೊಂಡಿದ್ದರು. ಅಜ್ಜಿ ಹಪ್ಪಳ, ಸೆಂಡಿಗೆ ಮಾಡಿ ಮಾರಿ ಐದು ಮಕ್ಕಳನ್ನು ದಡ ಮುಟ್ಟಿಸಿದರು. ನಾನು ಇದನ್ನು ಬರೆದು ಒಂದು ಗೋಷ್ಠಿಯಲ್ಲಿ ಓದಿದೆ. "ಭೂಮಾಲೀಕರ ಅಳು" ಅಂತ ಒಬ್ಬರು ಎದ್ದು ಹೋದರು. ನಮ್ಮ ಅಜ್ಜಿಯ ಕಷ್ಟ ಕಷ್ಟ ಅಲ್ಲವಾ?

ಏಳನೇ ನಂಬರು ಫಾರಂ
ನಿಮಗೆ ನೇರವಾಗಿ ಹೇಳುತ್ತೇನೆ. ನಮ್ಮಜ್ಜ ಗೇಣಿಗೆ ಉಳುತ್ತಿದ್ದ ಗದ್ದೆ ತಮ್ಮ ಹೆಸರಿಗೆ ಆಗಲಿ ಅಂತ ಡಿಕ್ಲರೇಶನ್ ಕೊಟ್ಟವರು. ಅದಕ್ಕಿದ್ದ ಏಳನೇ ನಂಬರು ಫಾರಂ ತುಂಬಲು ಧೈರ್ಯ ಸಾಲದೆ ಹಲವು ದಿನ ಒಡೆಯರ ಮನೆಯ ಮುಂದೆ ಹೋಗದೆ ಸುತ್ತಿ ಬಳಸಿ ನಡೆದಿದ್ದರಂತೆ. ಕೊಟ್ಟ ಮೇಲೆ ಟ್ರಿಬ್ಯೂನಲ್ ಮುಂದೆ ಅಜ್ಜನ ಪರ ಸಾಕ್ಷಿ ಹೇಳಲು ಬಂದವರನ್ನು ಒಡೆಯರ ಕಡೆಯವರು ಹೆದರಿಸಿದರು. ಗದ್ದೆ ನಮ್ಮ ಹೆಸರಿಗೆ ಬಂದ ವರ್ಷ ಮನೆಯಲ್ಲಿ ಮೊದಲ ಸಲ ಮಳೆಗಾಲ ಪೂರ್ತಿ ಅಕ್ಕಿ ಇತ್ತು. ನೀವು "ಹೋಯಿತು" ಅನ್ನುವುದು ನಮ್ಮಲ್ಲಿ "ಬಂತು". ಒಂದು ತಲೆಮಾರಿನ ಹಪ್ಪಳಕ್ಕೂ ಏಳು ತಲೆಮಾರಿನ ಗೇಣಿಗೂ ಒಂದೇ ತೂಕ ಅಂದರೆ ನಾನು ಒಪ್ಪುವುದಿಲ್ಲ.

ಗೇಣಿ ಚೀಟಿ
ಒಂದೇ ತೂಕ ಅಂತ ನಾನು ಎಲ್ಲಿ ಹೇಳಿದೆ? ಐದು ಮಕ್ಕಳ ವಿಧವೆಗೆ ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆದರೆ ಕಾನೂನು ತಪ್ಪು ಅಂತ ಅರ್ಥವಾ?

ಏಳನೇ ನಂಬರು ಫಾರಂ
ಬರೆಯಿರಿ. ಆದರೆ ಗೇಣಿ ಅಳೆಯುವ ದಿನ ನಿಮ್ಮ ಅಂಗಳದಲ್ಲಿ ಬಗ್ಗಿ ನಿಂತವರು ಯಾರು ಅಂತ ಅಜ್ಜಿಗೆ ಗೊತ್ತಿತ್ತಲ್ಲ, ಅವರನ್ನು ಬಿಟ್ಟು ಬರೆಯಬೇಡಿ. ಅವರಿದ್ದರೆ ನಾನು ಕೂತು ಕೇಳುತ್ತೇನೆ, ಎದ್ದು ಹೋಗುವುದಿಲ್ಲ.

ಗೇಣಿ ಚೀಟಿ
ಅಜ್ಜಿ ಒಬ್ಬರ ಹೆಸರು ಹೇಳುತ್ತಿದ್ದರು. ಗದ್ದೆ ಹೋದ ಮೇಲೂ ಆ ಮನೆಯಿಂದ ಹಪ್ಪಳಕ್ಕೆ ಹಲಸಿನಕಾಯಿ ಬರುತ್ತಿತ್ತಂತೆ. ಬರೆದದ್ದರಲ್ಲಿ ಅದಿಲ್ಲ. ಸೇರಿಸುತ್ತೇನೆ.

ಜೋಳದ ಹೊಲ
ವಿಜಯಪುರ ಕಡೆಯವನು ನಾನು. ನಮ್ಮ ಅಜ್ಜಿ 1972ರ ಬರಗಾಲ ಕಂಡವರು. ಬರ ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆದಿದ್ದಾರೆ. ಅದನ್ನು ಬರೆದುಕೊಳ್ಳೋಣ ಅಂತ ಮೊಬೈಲು ಹಿಡಿದು ಕೂತರೆ "ಉಂಡದ್ದು ಬರಿ ತಮ್ಮಾ, ಉಪಾಸ ಇದ್ದದ್ದು ಏನ್ ಬರೀತಿ?" ಅಂದರು. ನಾನು ಮತ್ತೆ ಮತ್ತೆ ಕೇಳಿದರೂ ಹಸಿವಿನ ಬಗ್ಗೆ ಮಾತೇ ಇಲ್ಲ. ಮಾರಿದ ಎತ್ತಿನ ಬಗ್ಗೆ ಮಾತ್ರ ಹೇಳಿದರು. ಅದರ ಬಣ್ಣ, ಕೋಡು, ಅದು ಯಾವ ಸಂತೆಗೆ ಹೋಯಿತು, ಕೊಂಡವನ ಪಟಗ ಯಾವ ಬಣ್ಣದ್ದು, ಎಲ್ಲ. ನಾನು ಬೇಕಾದ್ದು ಸಿಗಲಿಲ್ಲ ಅಂತ ಎದ್ದು ಬರುವವನಿದ್ದೆ. ಆಮೇಲೆ ಹೊಳೆಯಿತು, ಅಜ್ಜಿ ಬರಗಾಲದ ಬಗ್ಗೆಯೇ ಹೇಳುತ್ತಿದ್ದಾರೆ.

ಆದ್ದರಿಂದ ನೇತ್ರಾವತಿ ಅಕ್ಕ, ಅಮ್ಮನನ್ನು ಕೇಳುವಾಗ "ನಿನಗೆ ಎಷ್ಟು ಕಷ್ಟ ಆಯಿತು" ಅಂತ ಕೇಳಬೇಡಿ. ಎಲೆಯ ಬಗ್ಗೆ ಕೇಳಿ, ದಾರಿಯ ಬಗ್ಗೆ ಕೇಳಿ, ಸಾಲ ಕೊಟ್ಟವರ ಬಗ್ಗೆ ಕೇಳಿ.

ಮೈಸೂರು ಮಲ್ಲಿಗೆ
ನಮ್ಮ ತಂದೆ ಆ ಕಾಲದಲ್ಲಿ ಕೇರ್ ಸಂಸ್ಥೆಯಿಂದ ಶಾಲೆಗೆ ಬರುತ್ತಿದ್ದ ಉಪ್ಪಿಟ್ಟು, ಹಾಲಿನ ಪುಡಿ ಬಗ್ಗೆ ಈಗಲೂ ಆಸೆಯಿಂದ ಮಾತಾಡುತ್ತಾರೆ. ಅದಕ್ಕೇ ಶಾಲೆಗೆ ಹೋಗುತ್ತಿದ್ದದ್ದಂತೆ. ಆ ರುಚಿ ಯಾರಿಗಾದರೂ ನೆನಪಿದೆಯಾ?

ದುಬೈ ಕನ್ನಡಿಗ
ಹಳದಿ ಬಣ್ಣ! ಮುಸುಕಿನ ಜೋಳದ ರವೆ. ಎಲೆಯಲ್ಲೋ ಹಾಳೆಯಲ್ಲೋ ಹಾಕಿಸಿಕೊಂಡು ತಿನ್ನುತ್ತಿದ್ದರು ಅಂತ ಅಪ್ಪ ಹೇಳುತ್ತಾರೆ.

ಜೋಳದ ಹೊಲ
ನಮ್ಮಲ್ಲೂ ಇತ್ತು. ಮನೆಯ ತಂಗಿಗೆ ಅಂತ ಜೇಬಿನಲ್ಲಿ ತಂದವರ ಕಥೆ ಪ್ರತಿ ಊರಿನಲ್ಲೂ ಇದೆ.

ಹಿನ್ನೀರು
ಸಾಗರದ ಕಡೆ ನಮ್ಮದು ಮುಳುಗಡೆಯ ಮನೆತನ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಅಜ್ಜನ ಮನೆ, ಗದ್ದೆ, ದೇವರ ಬನ ನೀರಿನಡಿ ಹೋಯಿತು. ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದರು. ನಾಡಿಗೆಲ್ಲ ಕರೆಂಟು ಕೊಟ್ಟವರ ಮಕ್ಕಳು ಚಿಮಣಿ ದೀಪದಲ್ಲಿ ಓದಿದರು. ಹಕ್ಕುಪತ್ರಕ್ಕಾಗಿ ಈಗಲೂ ಅಲೆಯುತ್ತಿರುವ ಮನೆಗಳಿವೆ. ನಮ್ಮಲ್ಲಿ ಕಷ್ಟ ಬರೆಯುವುದು ಅಂದರೆ ಒಬ್ಬರ ಮಾನದ ಪ್ರಶ್ನೆ ಅಲ್ಲ. ಬರೆಯದಿದ್ದರೆ ಅಲ್ಲೊಂದು ಊರಿತ್ತು ಅನ್ನುವುದೇ ಹೋಗುತ್ತದೆ. ದಾಖಲೆ ಇಲ್ಲದವರಿಗೆ ಕಥೆಯೇ ಪಹಣಿ.

ಆದ್ದರಿಂದ ಅಣ್ಣನ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ನಿಮ್ಮ ಅಮ್ಮನ ಹಾಗೆ ಬೀಡಿ ಕಟ್ಟಿದವರು ಸಾವಿರ ಸಾವಿರ ಮಂದಿ. ಅವರ ಬದುಕು ಮಾನ ಹೋಗುತ್ತದೆ ಅಂತ ಮನೆಯೊಳಗೇ ಉಳಿದರೆ ನಷ್ಟ ಯಾರಿಗೆ?

ಘಟ್ಟದ ಮೇಲಿನವ
ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಆಯಿತಲ್ಲ, ಈಗ ಆ ಕಡೆ ಓಡಾಟ ಸಲೀಸಾ?

ಹಿನ್ನೀರು
2025ರ ಜುಲೈಯಲ್ಲಿ ತೆರೆಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಈಗ ಬಸ್ಸಿನಲ್ಲೇ ದಾಟಬಹುದು. ಲಾಂಚಿಗಾಗಿ ಕಾಯುತ್ತಾ ಆಸ್ಪತ್ರೆ ತಲುಪದೆ ಹೋದವರು ನಮ್ಮ ಸಂಬಂಧದಲ್ಲೇ ಇದ್ದಾರೆ. ಬೇಸಿಗೆಯಲ್ಲಿ ನೀರು ಇಳಿದರೆ ಹಳೆಯ ಹಿರೇಭಾಸ್ಕರ ಅಣೆಕಟ್ಟು ಎದ್ದು ಕಾಣುತ್ತದೆ. ಜನ ಫೋಟೋ ತೆಗೆಯಲು ಬರುತ್ತಾರೆ. ಅದರ ಬೇರೆ ಕಥೆ, ಇನ್ನೊಂದು ಸಲ ಬರೆಯುತ್ತೇನೆ.

ಸಂಪಿಗೆ ರಸ್ತೆ
ಒಂದಂತೂ ನಿಜ. ಕಷ್ಟ ಮನುಷ್ಯರನ್ನು ಗಟ್ಟಿ ಮಾಡುತ್ತದೆ. ನಿಮ್ಮ ಅಮ್ಮನ ಛಲ ಓದಿದವರಿಗೆ ಸ್ಫೂರ್ತಿ ಕೊಡಲಿ. ಅಂಥ ಮುಕ್ತಾಯ ಇರಲಿ.

ಚಾಂಪಿಯನ್ ರೀಫ್
ಇದಕ್ಕೆ ನನ್ನ ವಿರೋಧ ಇದೆ. ನಾನು ಕೆಜಿಎಫ್‌ನವನು. ಮನೆಮಾತು ತಮಿಳು, ಓದಿದ್ದು ಕನ್ನಡ ಶಾಲೆಯಲ್ಲಿ. ಅಪ್ಪ ಗಣಿಯೊಳಗೆ ಇಳಿಯುತ್ತಿದ್ದರು. ಕಲ್ಲಿನ ದೂಳು ಶ್ವಾಸಕೋಶ ತುಂಬಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಬಂದ ದುಡ್ಡು ಔಷಧಿಗೆ, ಅಕ್ಕನ ಮದುವೆಗೆ ಹೋಯಿತು. ಅಪ್ಪ ಗಟ್ಟಿ ಆಗಲಿಲ್ಲ. ಕೊನೆಯಲ್ಲಿ ಮಂಚದಿಂದ ಬಾಗಿಲವರೆಗೆ ನಡೆಯಲು ಆಗುತ್ತಿರಲಿಲ್ಲ.

ಅಣ್ಣಂದಿರು ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿನ ರೈಲು ಹತ್ತುತ್ತಿದ್ದರು, ರಾತ್ರಿ ಬರುತ್ತಿದ್ದರು. ಊರಿಗೆ ಊರೇ ಹಾಗೆ ಬದುಕಿತು. ಅದನ್ನು ಛಲ ಅಂತ ಹೊಗಳಬಹುದು. ಬೇರೆ ದಾರಿಯೇ ಇರಲಿಲ್ಲ ಅಂತಲೂ ಬರೆಯಬಹುದು. ಎರಡನ್ನೂ ಬರೆದರೆ ನಾನು ನಂಬುತ್ತೇನೆ. ಬರೀ ಸ್ಫೂರ್ತಿ ಅಂದರೆ ಗಣಿಯವರಿಗೆ, ಸರಕಾರಕ್ಕೆ ಬಹಳ ಅನುಕೂಲ. ಜನ ಹೇಗೂ ತಡೆದುಕೊಳ್ಳುತ್ತಾರೆ ಅಂತ ಆಗುತ್ತದೆ.

ಸಂಪಿಗೆ ರಸ್ತೆ
ನಾನು ಆ ಅರ್ಥದಲ್ಲಿ ಹೇಳಲಿಲ್ಲ. ಆದರೆ ಪೂರ್ತಿ ಕತ್ತಲೆಯ ಕಥೆ ಯಾರು ಓದುತ್ತಾರೆ?

ಕಟ್ಟು ನೂಲು
ಕತ್ತಲೆ, ಬೆಳಕು ಅಂತ ನಾವು ಬದುಕಲಿಲ್ಲ. ಬೆಳಿಗ್ಗೆ ಬ್ರಾಂಚಿನಲ್ಲಿ ಅತ್ತು ಬಂದವಳು ಮಧ್ಯಾಹ್ನ ಜಗಲಿಯಲ್ಲಿ ನಗುತ್ತಿದ್ದಳು. ಅದನ್ನು ಇದ್ದ ಹಾಗೆ ಬರೆಯಲು ಏನು ಅಡ್ಡಿ?

ಜಯನಗರ ಫೋರ್ತ್ ಬ್ಲಾಕ್
ನಮ್ಮ ಮನೆಯಲ್ಲಿ ಇಂಥ ಕಷ್ಟ ಇರಲಿಲ್ಲ. ಅಪ್ಪ ಬ್ಯಾಂಕಿನಲ್ಲಿದ್ದರು. ಕಥೆ ಬರೆಯಲು ಕೂತರೆ ನನ್ನ ಬಳಿ ಸರಕೇ ಇಲ್ಲ ಅನ್ನಿಸುತ್ತದೆ. ನಿಜವಾಗಿ ಕೇಳುತ್ತಿದ್ದೇನೆ, ನನ್ನಂಥವರು ಏನು ಬರೆಯಬೇಕು?

ಕೇರಿ ಕಡೆಯಿಂದ
ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದವರಿಗೆ ಲೋಟ ಬೇರೆ ಇತ್ತಾ? ಅಲ್ಲಿಂದ ಶುರು ಮಾಡಿ. ಆದರೆ ಅವರಾಗಿ ಬರೆಯಬೇಡಿ, ಆ ಲೋಟ ನೋಡಿಕೊಂಡು ಬೆಳೆದ ಹುಡುಗಿಯಾಗಿ ಬರೆಯಿರಿ.

ಜಯನಗರ ಫೋರ್ತ್ ಬ್ಲಾಕ್
ಇತ್ತು. ಸ್ಟೀಲಿನದು, ಕಿಟಕಿಯ ಹೊರಗೆ ಇಡುತ್ತಿದ್ದರು. ಧನ್ಯವಾದ.

ನೇತ್ರಾವತಿ ತೀರ
ವಾರದ ಕೊನೆಗೆ ಊರಿಗೆ ಹೋಗಿದ್ದೆ. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಅಣ್ಣನೂ ಚಾವಡಿಯಲ್ಲಿ ಕೂತಿದ್ದ. ಏನಾಯಿತು ಅಂತ ನಿಮಗೆಲ್ಲ ಹೇಳಲೇಬೇಕು.

ಅಮ್ಮ ಮಧ್ಯೆ ಒಮ್ಮೆಯೂ ಅಳಲಿಲ್ಲ. ಮುಗಿದ ಮೇಲೆ "ಅಪ್ಪನ ಕೆಲಸದ ಬಗ್ಗೆ ಯಾಕೆ ಬರೆಯಲಿಲ್ಲ?" ಅಂತ ಕೇಳಿದರು. ಒಂದು ಮರದ ತುದಿಯಿಂದ ಇನ್ನೊಂದು ಮರಕ್ಕೆ ಬಾಗಿ ಹಿಡಿದು ಹಾಗೆಯೇ ದಾಟುತ್ತಿದ್ದರಂತೆ, ಸಾಲು ಮುಗಿಯುವವರೆಗೆ ನೆಲಕ್ಕೆ ಇಳಿಯುತ್ತಿರಲಿಲ್ಲವಂತೆ. ಅವರು ಮರದ ಮೇಲಿದ್ದರೆ ದಾರಿಹೋಕರು ನಿಂತು ನೋಡುತ್ತಿದ್ದರಂತೆ. ನಾನು ಹುಟ್ಟುವ ಮುಂಚೆ ಒಂದು ಮಳೆಗಾಲ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವಾಗ ಜಾರಿ ಬಿದ್ದರು. ಸೊಂಟ ಮೊದಲಿನ ಹಾಗೆ ಆಗಲೇ ಇಲ್ಲ. ತೋಟದವರು ಆಸ್ಪತ್ರೆಗೆ ಸೇರಿಸಿ, ಆಮೇಲೆ ಬರಲಿಲ್ಲ. ನೋವಿಗೆ ಅಂತ ಶುರುವಾದದ್ದು ಕುಡಿತ. ಇದು ನನಗೆ ಈವರೆಗೆ ಯಾರೂ ಹೇಳಿರಲಿಲ್ಲ. ಅಣ್ಣನಿಗೆ ಗೊತ್ತಿತ್ತು. "ಅದಕ್ಕೇ ಬೇಡ ಅಂದದ್ದು. ನಿನ್ನ ಕಥೆಯಲ್ಲಿ ಅಪ್ಪ ಸುಮ್ಮನೆ ಕುಡಿಯುತ್ತಾರೆ" ಅಂದ.

ಅಮ್ಮ ಎರಡು ವಿಷಯ ತೆಗೆಯಲು ಹೇಳಿದರು. ರಾತ್ರಿ ಅಕ್ಕಿ ಸಾಲ ಕೊಡುತ್ತಿದ್ದ ಪಕ್ಕದ ಮನೆಯವರದ್ದು ಒಂದು, ಯಾಕೆಂದರೆ ಅವರೇ ಗಂಡನಿಗೆ ಗೊತ್ತಾಗದ ಹಾಗೆ ಕೊಡುತ್ತಿದ್ದರು. ಇನ್ನೊಂದು ಅಣ್ಣ ಹತ್ತನೇ ಕ್ಲಾಸಿನಲ್ಲಿ ಫೇಲಾಗಿ ಮನೆ ಬಿಟ್ಟು ಹೋದದ್ದು. ಸೀರೆಯ ಬಗ್ಗೆ ಕೇಳಿದೆ. ಹೇಳಿದರು. ಅದು ಕಥೆಯಲ್ಲೇ ಬರಲಿ.

ಪಾತ್ರವಾದ ತಮ್ಮ
ಅಣ್ಣನದ್ದು ತೆಗೆದಿರಾ?

ನೇತ್ರಾವತಿ ತೀರ
ತೆಗೆದೆ.

ಪಾತ್ರವಾದ ತಮ್ಮ
ನನ್ನ ಕಡೆಯಿಂದಲೂ ಥ್ಯಾಂಕ್ಸ್.

ಹಳೇ ಓದುಗ
ಅಣ್ಣನ ಪ್ರಸಂಗ ಹೋದರೆ ಹೋಗಲಿ. ಅಕ್ಕಿ ಕೊಟ್ಟ ಪಕ್ಕದ ಮನೆಯವರನ್ನು ಬಿಡುವುದು ನನಗೆ ಸಂಕಟ. ಅಂಥವರಿಂದಲೇ ಕಥೆ ನಿಲ್ಲುವುದು. ದಿಕ್ಕು ಬದಲಿಸಿ, ಅಕ್ಕಿ ಬದಲು ಬೇರೆ ಏನಾದರೂ ಮಾಡಿ, ಆದರೆ ಗುಟ್ಟಾಗಿ ಕೊಟ್ಟ ಹೆಂಗಸು ಇರಲಿ.

ದಾವಣಗೆರೆ ಹುಡುಗ
ಅಮ್ಮ ತೆಗೆ ಅಂದ ಮೇಲೆ ತೆಗೆಯಬೇಕು ಸರ್. ಇದರಲ್ಲಿ ಚೌಕಾಸಿ ಇಲ್ಲ.

ಹಳೇ ಓದುಗ
ಚೌಕಾಸಿ ಅಲ್ಲ. ಗುರುತು ಉಳಿಯದ ಹಾಗೆ ಬದಲಿಸುವುದು ಕಥೆಗಾರರ ಕೆಲಸವೇ. ಅಮ್ಮನಿಗೆ ಮತ್ತೆ ಓದಿ ತೋರಿಸಿ, ಗುರುತು ಹತ್ತಿದರೆ ತೆಗೆಯಿರಿ.

ಕೇರಿ ಕಡೆಯಿಂದ
ತೋಟದವರು ಆಸ್ಪತ್ರೆಗೆ ಸೇರಿಸಿ ಆಮೇಲೆ ಬರಲಿಲ್ಲ ಅನ್ನುವುದನ್ನು ಮಾತ್ರ ಬಿಡಬೇಡಿ. ದಯವಿಟ್ಟು.

ನೇತ್ರಾವತಿ ತೀರ
ಬಿಡುವುದಿಲ್ಲ. ಹೊಸ ಆರಂಭ ಹೀಗೆ ಬರೆದಿದ್ದೇನೆ, ಕಟ್ಟು ನೂಲು ಅಕ್ಕ ದಯವಿಟ್ಟು ನೋಡಿ: "ಸಂಜೆ ಎಲೆಯನ್ನು ನೀರಿನಲ್ಲಿ ಅದ್ದಿ ತೆಗೆದವಳೇ ಅವಳು ಕತ್ತರಿ ಹಿಡಿದು ಕೂತಳು. ಗಂಡ ಎಂಟನೇ ಮರದಲ್ಲಿದ್ದ."

ಕಟ್ಟು ನೂಲು
ಎರಡನೇ ಸಾಲು ಬಹಳ ಹಿಡಿಸಿತು. ಮೊದಲನೆಯದು ಸರಿ ಇಲ್ಲ ತಂಗಿ. ಅದ್ದಿದ ಕೂಡಲೇ ಕತ್ತರಿಸಲು ಆಗುವುದಿಲ್ಲ. ನೀರು ಬಸಿದು, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಎಲೆ ಮೆತ್ತಗಾದ ಮೇಲೆ ಅಚ್ಚು ಇಟ್ಟು ಕತ್ತರಿಸುವುದು. ಇಲ್ಲದಿದ್ದರೆ ಸುರುಳಿ ಸುತ್ತುವಾಗ ಒಡೆಯುತ್ತದೆ. ಹಿಂದಿನ ರಾತ್ರಿ ನೆನೆಸಿದ್ದಳು ಅಂತ ಮಾಡಿ. ಬಾಯಿ ಮಡಚುವುದು, ನೂಲು ಸುತ್ತುವುದು ಎಲ್ಲ ಬರೆಯುವುದಾದರೆ ನನಗೆ ಮೆಸೇಜು ಮಾಡಿ, ಫೋನಿನಲ್ಲಿ ಹೇಳುತ್ತೇನೆ. ಸ್ಪರ್ಧೆಗೆ ಕೊನೆಯ ದಿನ ಯಾವತ್ತು?

ನೇತ್ರಾವತಿ ತೀರ
ಇನ್ನೂ ಮೂರು ವಾರ ಇದೆ ಅಕ್ಕ. ಇವತ್ತು ರಾತ್ರಿ ಎಂಟರ ಮೇಲೆ ಫೋನ್ ಮಾಡಬಹುದಾ? ಚೆಕ್ ಮಾಡುವವನ ಬಗ್ಗೆಯೂ ಕೇಳುವುದಿದೆ.

ಕಟ್ಟು ನೂಲು
ಮಾಡಿ. ಒಂಬತ್ತರ ಒಳಗೆ. ಅವನ ಬಗ್ಗೆ ಹೇಳಲು ಬಹಳ ಇದೆ.